ಅಪ್ಪನ ಜಮಾ-ಖರ್ಚಿನ ಬುಕ್ಕಿನ್ಯಾಗ ದಿಲ್ಲಿ ಸರ್ಕಾರ

ಹೋದ ವಾರ ಹೆಸರಿಗೆ ಬಿದ್ದ ಹಳದಿ ರೋಗದ ಬಗ್ಗೆ ಬರೆದಿದ್ದೆ. ಈ ವಾರ ಮಳಿ ಹಿಡಕೊಂಡು ಕುಂತೈತಿ, ಎರಿ ಹೊಲಕ್ಕ ಕಾಲಿಡಾಕ ಬರೂದಿಲ್ಲ. ಹಂಗಾಗಿ ಇವತ್ತು ಹಳೇ ಮಾತು. ಉದ್ದ ಐತಿ, ಪುರುಸೊತ್ತು ಇದ್ದವರು ಓದ್ರಿ.

ನಮ್ಮ ಊರಾಗ ದಿಲ್ಲಿ ರಾಜಕೀಯದ ಮಾತು ಶುರು ಆದರ ಚಾದಂಗಡಿ ಎರಡು ಭಾಗ ಆಕ್ಕೈತಿ. ಒಬ್ಬರು ಹೇಳಿದ್ದು ಇನ್ನೊಬ್ಬರು ಕೇಳೂದಿಲ್ಲ. ನಾನು ಗಮನಿಸಿದ್ದು ಏನಂದ್ರ, ಯಾರೂ ತಮ್ಮ ಮನಿ ಖರ್ಚಿನ ಲೆಕ್ಕ ಮುಂದಿಟ್ಟು ಮಾತಾಡೂದಿಲ್ಲ. ಎಲ್ಲಾ ಮೊಬೈಲಿನ್ಯಾಗ ಬಂದ ಮಾತು. ನಮ್ಮಪ್ಪ ನಾಕನೇತ್ತೆ ಕಲಿತವನು, ಆದರೆ ದೀಪಾವಳಿ ಪಾಡ್ಯದಿಂದ ಪಾಡ್ಯಕ್ಕೆ ಒಂದು ಬುಕ್ಕು ಇಡತಿದ್ದ. ಎಡಕ್ಕ ಜಮಾ, ಬಲಕ್ಕ ಖರ್ಚು, ಅಂಚಿನ್ಯಾಗ ಒಂದೆರಡು ಶಬ್ದ: ‘ತುಟ್ಟಿ’, ‘ಸೋವಿ’, ‘ಸಿಗಲಿಲ್ಲ’. ಇಲಿ ಕಡಿದು ಹೋದವು ಬಿಟ್ಟು ಒಂದಿಷ್ಟು ಬುಕ್ಕು ಇನ್ನೂ ಅದಾವು. ಅವನ್ನ ಓದಿದಾಗ ತಿಳಿಯೂದು, ಅವನ ಓಟು ಯಾಕ ಎತ್ತ ಹೋಯ್ತು ಅನ್ನೂದು.

1965ರಾಗ ಶಾಸ್ತ್ರಿಯವರು ದೇಶದಾಗ ಕಾಳು ಸಾಲೂದಿಲ್ಲ, ವಾರಕ್ಕ ಒಂದು ಹೊತ್ತು ಊಟ ಬಿಡ್ರಿ ಅಂತ ಕರೆ ಕೊಟ್ಟರಲ್ಲ, ಸೋಮವಾರ ರಾತ್ರಿ ಹೋಟೆಲ್ಲು ಬಂದ್ ಆಗತಿದ್ದವಂತ. ನಮ್ಮ ಕಡೆ ಸೋಮವಾರ ಮೊದಲ ಒಪ್ಪತ್ತು. ಹಂಗಾಗಿ ನಮ್ಮ ಅಜ್ಜಿ, ‘ಇದೇನು ಹೊಸಾದು ಹೇಳಿದಂವಾ?’ ಅಂತಿದ್ದಳಂತ. ಆದರೂ ಶಾಸ್ತ್ರಿಯವರ ಮ್ಯಾಲೆ ನಮ್ಮ ಮನಿಯೊಳಗ ಕಡಿತನಕ ಗೌರವ ಇತ್ತು. ನಮ್ಮ ಊಟದ ಬಗ್ಗೆ ನಮ್ಮ ಕೂಡ ಮಾತಾಡಿದ ಪ್ರಧಾನಿ ಅಂತ.

ಈಗ ಎಮರ್ಜೆನ್ಸಿಗೆ ಬರೋಣ. ಪ್ಯಾಟಿಯವರು ಬರೆದ ಪುಸ್ತಕದಾಗ ಅದು ಜೈಲು, ಪತ್ರಿಕೆಗೆ ಕತ್ತರಿ, ನಸಬಂದಿ. ಅದೆಲ್ಲಾ ಖರೇನ ಐತಿ, ನಾನು ಇಲ್ಲ ಅನ್ನೂದಿಲ್ಲ. ಆದರೆ ಅಪ್ಪನ ಬುಕ್ಕಿನ್ಯಾಗ ಅದು ಬ್ಯಾರೆ ಕಾಣತೈತಿ. 1974ರಾಗ ಅಂಚಿನ ತುಂಬ ‘ತುಟ್ಟಿ, ತುಟ್ಟಿ’. ಆ ವರ್ಷ ದೇಶದಾಗ ಬೆಲೆ ಏರಿಕೆ ನೂರಕ್ಕ 20 ದಾಟಿತ್ತು. ಸೀಮೆಎಣ್ಣೆ, ಅರಿವಿ, ಎಲ್ಲಾ ಏರಿದ್ದವು. 1975-76ರಾಗ ಸಗಟು ಬೆಲೆ ಏರೂದು ನಿಂತು ಸ್ವಲ್ಪ ಇಳಿದೂ ಬಿಟ್ಟಿತು. ಒಳ್ಳೇ ಮಳಿ ಆಗಿತ್ತು, ಅದೂ ಒಂದು ಕಾರಣ. ಅಪ್ಪ ಮಳಿಗೆ ಕ್ರೆಡಿಟ್ ಕೊಡಲಿಲ್ಲ, ಇಂದಿರಾ ಗಾಂಧಿಗೆ ಕೊಟ್ಟ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಪ್ಪ ಲಾವಣಿ ಹೊಲ ಮಾಡತಿದ್ದ. 1974ರ ಮಾರ್ಚ್ 1ರಿಂದ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು, ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್ಲಿಗೆ ಕೊಟ್ಟರ ಉಳುವವನ ಹೆಸರಿಗೆ ಹೊಲ. ಅಪ್ಪನ ಬುಕ್ಕಿನ್ಯಾಗ ‘ಫಾರಂ’ ಅಂತ ಒಂದು ಖರ್ಚು ಐತಿ, ಮುಂದ ‘ಬಸ್ಸು, ಚಾ’ ಅಂತ ಆರೇಳು ಸಲ. ಆ ಹೊಲದಾಗ ನಾನು ಈಗ ನಿಂತು ಉಣ್ಣಾಕತ್ತೀನಿ. 1977ರಾಗ ಉತ್ತರ ಭಾರತದಾಗ ಕಾಂಗ್ರೆಸ್ ತೊಳಕೊಂಡು ಹೋದಾಗ ಕರ್ನಾಟಕದಾಗ 28ರಾಗ 26 ಸೀಟು ಗೆದ್ದಿತ್ತು. ಓದಿದವರು ಕೇಳತಾರು, ನಿಮ್ಮ ಮಂದಿಗೆ ಪ್ರಜಾಪ್ರಭುತ್ವ ಬ್ಯಾಡಾಗಿತ್ತೇನು ಅಂತ. ಬೇಕಾಗಿತ್ತು ಸ್ವಾಮಿ. ನಾಕು ಎಕರೆ ಹೊಲಾನೂ ಬೇಕಾಗಿತ್ತು.

ಜನತಾ ಸರ್ಕಾರದ ಕಾಲದ ಎರಡು ಸಂಗತಿ ಭಾಳ ಮಜಾ ಅದಾವು. 1978ರ ಜನವರಿ 16ಕ್ಕ ಮೊರಾರ್ಜಿ ದೇಸಾಯಿಯವರು ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟು ರದ್ದು ಮಾಡಿದರು. ಅಪ್ಪನ ಬುಕ್ಕಿನ್ಯಾಗ ಆ ವಾರ ಏನೂ ಇಲ್ಲ. ‘ಉಪ್ಪು, ಕಡ್ಡಿಪೆಟ್ಟಿಗಿ, ಎತ್ತಿನ ಹಗ್ಗ’ ಅಷ್ಟ. ಸಾವಿರದ ನೋಟು ಕಂಡವರು ಊರಾಗ ಇದ್ದರ ತಾನೆ?

ಎರಡನೇದು ಸಕ್ಕರಿ. 1977-78ರಾಗ ದೇಶದಾಗ ಸುಮಾರು 65 ಲಕ್ಷ ಟನ್ ಸಕ್ಕರಿ ಆತು. 1978ರ ಆಗಸ್ಟಿನ್ಯಾಗ ಸರ್ಕಾರ ಸಕ್ಕರಿ ಮ್ಯಾಲಿನ ಕಂಟ್ರೋಲ್ ಪೂರ್ತಿ ತಗದು ಬಿಟ್ಟಿತು. ದರ ಕುಸೀತು. ಅಪ್ಪ ‘ಸಕ್ಕರಿ ಸೋವಿ’ ಅಂತ ಬರೆದಾನ. ಬೆಲ್ಲದ ಚಾ ಬಿಟ್ಟು ಸಕ್ಕರಿ ಚಾ ಕುಡಿಯೂದು ನಮ್ಮ ಮನಿಯಾಗ ಆಗ ಶುರು ಆಗಿದ್ದು. ಆದರೆ ಕಬ್ಬಿನವರ ಗತಿ? ದರ ಇಲ್ಲದ ಕಬ್ಬು ಹಚ್ಚೂದು ಕಡಿಮಿ ಮಾಡಿದರು. 1979ರಾಗ ಬರಗಾಲ. 1979-80ರಾಗ ಉತ್ಪಾದನೆ 39 ಲಕ್ಷ ಟನ್ನಿಗೆ ಇಳೀತು, ದರ ಆಕಾಶಕ್ಕ ಹೋಯ್ತು, ಡಿಸೆಂಬರಿನ್ಯಾಗ ಮತ್ತ ಕಂಟ್ರೋಲ್. ಅಪ್ಪ ಒಂದ ವರ್ಷದಾಗ ಜನತಾ ಪಾರ್ಟಿಯನ್ನ ಹೊಗಳಿ, ಒಂದ ವರ್ಷದಾಗ ಬೈದ. ಎರಡೂ ಸಲ ಕಾರಣ ಚಾದ ಲೋಟ.

1980ರ ಜನವರಿ ಚುನಾವಣೆಯೊಳಗ ಇಂದಿರಾ ಗಾಂಧಿ ಉಳ್ಳಾಗಡ್ಡಿ ತುಟ್ಟಿ ಆಗಿದ್ದನ್ನ ಪ್ರಚಾರಕ್ಕ ಹಿಡಕೊಂಡರು. 353 ಸೀಟು ಬಂದವು. ಅವತ್ತಿನಿಂದ ದಿಲ್ಲಿಯವರು ಉಳ್ಳಾಗಡ್ಡಿ ಅಂದ್ರ ಹೆದರತಾರು. ಅದ ವರ್ಷ ಜುಲೈ 21ಕ್ಕ ನರಗುಂದ, ನವಲಗುಂದದಾಗ ಮಲಪ್ರಭಾ ಕಾಲುವೆ ಕರದ ಸಲುವಾಗಿ ರೈತರ ಮ್ಯಾಲೆ ಗೋಲಿಬಾರ್ ಆತು, ಇಬ್ಬರು ರೈತರು ಸತ್ತರು. ನಾನಾಗ ಕನ್ನಡ ಸಾಲಿಯಾಗಿದ್ದೆ. ಆ ಕಥಿ ನಿಮಗೆಲ್ಲಾ ಗೊತ್ತು, ಪ್ರತಿ ವರ್ಷ ವೀರಗಲ್ಲಿಗೆ ಹೋಗ್ತೀವಿ, ಇಲ್ಲಿ ಬೆಳೆಸೂದಿಲ್ಲ. ಒಂದು ಮಾತ್ರ ಹೇಳತೀನಿ. ದಿಲ್ಲಿಯಾಗ ತಿನ್ನವರ ಸಿಟ್ಟು ಸರ್ಕಾರ ತಂತು. ಇಲ್ಲಿ ಬೆಳೆಯವರ ಸಿಟ್ಟಿಗೆ ಗುಂಡು ಬಿತ್ತು. 1983ಕ್ಕ ಗುಂಡೂರಾಯರ ಸರ್ಕಾರಾನೂ ಹೋಯ್ತು, ಅದು ಬ್ಯಾರೆ ಮಾತು.

1991ಕ್ಕ ನನಗ ಇಪ್ಪತ್ತರ ವಯಸ್ಸು, ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕ ಇಳಿದಿದ್ದೆ. ಬುಕ್ಕು ಬರಿಯೂದು ನನ್ನ ಕೈಗೆ ಬಂದಿತ್ತು. ಮನಮೋಹನ ಸಿಂಗರು ಜುಲೈ 24ಕ್ಕ ಬಜೆಟ್ ಓದಿದರು. ಮಂದಿ ಇವತ್ತು ಆ ಬಜೆಟ್ಟಿನ ಬಗ್ಗೆ ಕಾರು, ಟಿವಿ, ವಿದೇಶಿ ಕಂಪನಿ ಅಂತ ಬರೀತಾರು. ನಮಗ ಅದು ಗೊಬ್ಬರದ ಬಜೆಟ್. ಗೊಬ್ಬರದ ದರ ನೂರಕ್ಕ 40 ಏರಿಸಿದರು, ಗದ್ದಲ ಆದಮ್ಯಾಲೆ 30ಕ್ಕ ಇಳಿಸಿದರು. 50 ಕೆಜಿ ಯೂರಿಯಾ ಚೀಲ 117 ರೂಪಾಯಿ 50 ಪೈಸೆ ಇದ್ದದ್ದು 153 ಆತು. ಡಿಎಪಿ 180 ಇದ್ದದ್ದು 234. ಸಣ್ಣ ರೈತರಿಗೆ ಹಳೇ ದರದಾಗ ಕೊಡತೀವಿ ಅಂದರು. ಸಣ್ಣ ರೈತ ಅನ್ನಾಕ ಒಂದು ಸರ್ಟಿಫಿಕೇಟ್ ಬೇಕು. ನಾನು ಮೂರು ಸಲ ಅಡ್ಡಾಡಿದೆ. ಕಾಗದ ಕೈಗೆ ಬರೂದ್ರಾಗ ಮ್ಯಾಲುಗೊಬ್ಬರದ ಹೊತ್ತು ಮುಗಿದು ಗೋವಿನಜೋಳ ಹಾಲುಗಾಳಿಗೆ ಬಂದಿತ್ತು.

ಖರೇ ಹೊಡತ ಬಿದ್ದದ್ದು ಮುಂದಿನ ವರ್ಷ. 1992ರ ಆಗಸ್ಟ್ 25ಕ್ಕ ರಂಜಕ, ಪೊಟ್ಯಾಷ್ ಗೊಬ್ಬರದ ದರದ ಕಂಟ್ರೋಲ್ ತಗದರು, ಯೂರಿಯಾ ದರ ಮಾತ್ರ ತಮ್ಮ ಕೈಯಾಗ ಇಟಗೊಂಡು ಚೀಲಕ್ಕ 138ಕ್ಕ ಇಳಿಸಿದರು. ಡಿಎಪಿ, ಪೊಟ್ಯಾಷ್ ಜಿಗೀತು. ನೀವಾದರ ಏನು ಮಾಡತಿದ್ರಿ? ಕೈಯಾಗ ಇದ್ದ ರೊಕ್ಕಕ್ಕ ಯೂರಿಯಾನ ತಂದಿವಿ. ನನ್ನ ಬುಕ್ಕಿನ್ಯಾಗ ಆ ವರ್ಷ ಪೊಟ್ಯಾಷ್ ಅನ್ನೂ ಶಬ್ದ ಇಲ್ಲ. ನಮ್ಮ ಒಂದ ಮನಿ ಅಲ್ಲ, ಇಡೀ ದೇಶ ಹಂಗ ಮಾಡಿತು. 1991-92ರಾಗ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆ 5.9 : 2.4 : 1 ಇದ್ದದ್ದು, ಮರುವರ್ಷ 9.5 : 3.2 : 1 ಆತು. ಈಗ ವಿಜ್ಞಾನಿಗಳು ಬಂದು, ‘ರೈತರು ಯೂರಿಯಾ ಚಟ ಹಚಗೊಂಡಾರ’ ಅಂತ ಭಾಷಣ ಮಾಡತಾರು. ಚಟ ಹಚ್ಚಿದ ದರಪಟ್ಟಿ ಯಾರು ಬರೆದರು ಅಂತ ಒಬ್ಬರೂ ಹೇಳೂದಿಲ್ಲ. 2018ರಾಗ 50 ಕೆಜಿ ಚೀಲವನ್ನ 45 ಕೆಜಿ ಮಾಡಿದರಲ್ಲ, ಅದರ ಲೆಕ್ಕಾನೂ ಇಷ್ಟ. ರೈತ ತೂಕ ನೋಡೂದಿಲ್ಲ, ಚೀಲ ಎಣಸತಾನ, ತಾನಾಗಿ ಕಡಿಮಿ ಹಾಕತಾನ ಅಂತ. ಶ್ಯಾಣ್ಯಾತನದ ಐಡಿಯಾ, ಒಪ್ಪತೀನಿ. ನಮ್ಮನ್ನ ಎಷ್ಟು ಬರೋಬ್ಬರಿ ತಿಳಕೊಂಡಾರ ಅಂತ ನಗಿ ಬಂತು.

2016ರ ನವೆಂಬರ್ 8. ಈ ಸಲ ಬುಕ್ಕು ಖಾಲಿ ಉಳಿಯಲಿಲ್ಲ. 1978ರಾಗ ನಮಗ ಗೊತ್ತಿಲ್ಲದ ನೋಟು ಹೋಗಿದ್ದವು, ಈ ಸಲ ಹೋದದ್ದು 500, 1000. ಚಲಾವಣೆ ರೊಕ್ಕದಾಗ ನೂರಕ್ಕ 86 ಪಾಲು. ನಮಗ ಹಿಂಗಾರಿ ಬಿತ್ತಿಗಿ ಮುಗಿಯೂ ಹೊತ್ತು, ಉಳ್ಳಾಗಡ್ಡಿ ಮಾರೂ ಹೊತ್ತು. ಖರೀದಿದಾರರು ‘ಹಳೇ ನೋಟು ತಗೋ, ಇಲ್ಲಾ ತಿಂಗಳು ತಡಿ’ ಅಂದರು. ನವೆಂಬರ್ 14ರಿಂದ ಜಿಲ್ಲಾ ಸಹಕಾರಿ ಬ್ಯಾಂಕಿನ್ಯಾಗ ಹಳೇ ನೋಟು ತಗೋಬ್ಯಾಡ್ರಿ ಅಂತ ಆದೇಶ ಬಂತು. ನಮ್ಮ ಸಾಲ, ಖಾತೆ ಎಲ್ಲಾ ಇದ್ದದ್ದು ಸಹಕಾರಿಯೊಳಗ. ನನ್ನ ಹೆಂಡತಿ ಸಾಸಿವಿ ಡಬ್ಬಿಯಿಂದ ತಗದ ರೊಕ್ಕ ನೋಡಿ ನಾನು ಗಾಬರಿ ಆದೆ, ಆಕಿ ಅತ್ತಳು. ಕಳ್ಳ ದುಡ್ಡು ಹೊರಗ ಬರತೈತಿ ಅಂತ ನಾವೂ ಸಾಲಿನ್ಯಾಗ ನಿಂತಿವಿ. ಮುಂದ ರಿಸರ್ವ್ ಬ್ಯಾಂಕ್ ಲೆಕ್ಕ ಕೊಟ್ಟಾಗ ನೂರಕ್ಕ 99.3 ವಾಪಸ್ ಬಂದಿತ್ತು. ಆದರೂ ನಮ್ಮ ಊರಾಗ ಓಟು ಭಾಳ ಬದಲಾಗಲಿಲ್ಲ. ಯಾಕಂದ್ರ ಸಾಲಿನ್ಯಾಗ ಸಾಹುಕಾರನೂ ನಿಂತಿದ್ದ. ಎಲ್ಲಾರಿಗೂ ತ್ರಾಸು ಆದರ ಮಂದಿ ಸಹಿಸತಾರು. ತನಗೊಬ್ಬನಿಗ ಆದರ ಸಹಿಸೂದಿಲ್ಲ. ಇದು ನನ್ನ ಅಭಿಪ್ರಾಯ, ಬ್ಯಾರೆ ಇದ್ದರ ಹೇಳ್ರಿ.

ಈಗ ಉಳ್ಳಾಗಡ್ಡಿಗೆ ಬರತೀನಿ, ಇದ ಮುಖ್ಯ. 1998ರಾಗ ದರ ಏರಿ ಬಿಜೆಪಿ ದಿಲ್ಲಿ ರಾಜ್ಯ ಕಳಕೊಂತು, ಸುಷ್ಮಾ ಸ್ವರಾಜ್ ಅಧಿಕಾರ ಕಳಕೊಂಡರು, ಶೀಲಾ ದೀಕ್ಷಿತ್ ಬಂದರು. ಅದರ ಪಾಠ ಎಲ್ಲಾ ಪಾರ್ಟಿ ಕಲಿತಾವು. 2019ರ ಸೆಪ್ಟೆಂಬರ್ 29ಕ್ಕ ರಫ್ತು ಬಂದ್. 2020ರ ಸೆಪ್ಟೆಂಬರ್ 14ಕ್ಕ ಮತ್ತ ಬಂದ್. 2023ರ ಆಗಸ್ಟಿನ್ಯಾಗ ನೂರಕ್ಕ 40 ಸುಂಕ, ಡಿಸೆಂಬರ್ 8ಕ್ಕ ಪೂರ್ತಿ ಬಂದ್. ತಾರೀಕು ನೋಡ್ರಿ ಒಮ್ಮೆ. ನಾಸಿಕ್ಕಿನವರ ಬ್ಯಾಸಿಗಿ ಉಳ್ಳಾಗಡ್ಡಿ ನಾಕೈದು ತಿಂಗಳು ಚಾಳಿನ್ಯಾಗ ತಡೀತೈತಿ. ನಮ್ಮ ಮುಂಗಾರಿ ಗಡ್ಡಿ ನೀರು ಕುಡಿದದ್ದು, ಕಿತ್ತ ಕೂಡಲೆ ಮಾರಬೇಕು, ಇಲ್ಲಾ ಕೊಳೀತೈತಿ. ಅದು ಮಾರ್ಕೆಟ್ಟಿಗೆ ಬರೂದು ಸೆಪ್ಟೆಂಬರಿನಿಂದ ಡಿಸೆಂಬರಿನ ಮಟ. ದಿಲ್ಲಿಯವರು ಬಾಗಿಲು ಹಾಕೂದು ಬರೋಬ್ಬರಿ ಅದ ಹೊತ್ತಿಗೆ. ನಾಸಿಕ್ಕಿನವರು ಗದ್ದಲ ಮಾಡಿದರು, 2024ರ ಮೇ 4ಕ್ಕ ನಿಷೇಧ ತಗದರು, ಆದರೂ ಆ ಭಾಗದ ದಿಂಡೋರಿಯೊಳಗ ಕೇಂದ್ರ ಮಂತ್ರಿಣಿ ಸೋತರು. ಸುಂಕ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕ. ನಮ್ಮ ಗದಗ, ಧಾರವಾಡ, ಚಿತ್ರದುರ್ಗದವರ ಹೆಸರು ಆ ಸುದ್ದಿಯೊಳಗ ಎಲ್ಲೂ ಕೇಳಲಿಲ್ಲ.

ಕಾಂಗ್ರೆಸ್ಸಿನವರು ಬಿಜೆಪಿ ಮ್ಯಾಲೆ, ಬಿಜೆಪಿಯವರು ಕಾಂಗ್ರೆಸ್ ಮ್ಯಾಲೆ ಹಾಕತಾರು. ನನ್ನ ಬುಕ್ಕಿನ ಲೆಕ್ಕದಾಗ ಇಬ್ಬರೂ ಪ್ಯಾಟಿ ಚೀಲಕ್ಕ ಹೆದರಿದಷ್ಟು ಹೊಲದ ಚೀಲಕ್ಕ ಹೆದರಿಲ್ಲ. ನಾವರೆ ಏನು? ವರ್ಷದಾಗ ಎರಡು ತಿಂಗಳು ಉಳ್ಳಾಗಡ್ಡಿ ಮಾರತೀವಿ, ಹತ್ತು ತಿಂಗಳು ಕೊಂಡು ತಿಂತೀವಿ. ಮನಿಯಾಗ ತುಟ್ಟಿ ಅಂತ ಬೈಯೂದು, ಹೊಲದಾಗ ಸೋವಿ ಅಂತ ಬೈಯೂದು, ಎರಡೂ ಒಂದ ಬಾಯಿ. ಓಟು ಹಾಕೂ ದಿನ ಯಾವ ಬಾಯಿ ಮುಂದ ಬರತೈತಿ ಅನ್ನೂದು ಆ ತಿಂಗಳ ಮ್ಯಾಲೆ ಐತಿ. ಲೋಕಸಭೆ ಚುನಾವಣೆ ಬರೂದು ಏಪ್ರಿಲ್-ಮೇ ತಿಂಗಳಾಗ, ನಮ್ಮ ಕಣ ಖಾಲಿ ಇದ್ದಾಗ.

ಮ್ಯಾಲಿಂದ ಸಣ್ಣ ಸಣ್ಣವು ಭಾಳ ಅದಾವು. 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕೆಟ್ ಅಕ್ಕಿಗೆ ನೂರಕ್ಕ 5 ಜಿಎಸ್‌ಟಿ ಬಂದಾಗ ಕಿರಾಣಿಯೊಳಗ 26 ಕೆಜಿ ಚೀಲ ಬಂತು, ನೆನಪೈತೇನು? ಪಿಎಂ ಕಿಸಾನ್ ವರ್ಷಕ್ಕ 6000, ಮೂರು ಕಂತು. ನಾನು ಜಮಾ ಕಡೆ ಬರೀತೀನಿ, ಎದುರಿಗೆ ಆ ತಿಂಗಳ ಡೀಸೆಲ್ ಬರೀತೀನಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿಗೆ ಜಿಎಸ್‌ಟಿ 12ರಿಂದ 5ಕ್ಕ, ಅದರ ಟೈರಿಗೆ 18ರಿಂದ 5ಕ್ಕ ಇಳೀತು. ಅದನ್ನೂ ‘ಸೋವಿ’ ಅಂತ ಅಂಚಿನ್ಯಾಗ ಬರೆದೀನಿ, ಪಾರ್ಟಿ ನೋಡಿಲ್ಲ.

ನಿಮ್ಮ ಮನಿ ಅಟ್ಟದ ಮ್ಯಾಲೆ ಹಳೇ ಗೊಬ್ಬರದ ರಸೀದಿ, ಸೊಸೈಟಿ ಪಾಸ್‌ಬುಕ್ಕು, ದಲಾಲಿ ಪಟ್ಟಿ ಇದ್ದರ ಫೋಟೋ ತಗದು ಕೆಳಗ ಹಾಕ್ರಿ. ಮುಖ್ಯವಾಗಿ 1998ರ ಅಕ್ಟೋಬರ್-ನವೆಂಬರಿನ ಉಳ್ಳಾಗಡ್ಡಿ ಪಟ್ಟಿ ಬೇಕಾಗೇತಿ. ದಿಲ್ಲಿಯಾಗ ಅಷ್ಟು ತುಟ್ಟಿ ಇದ್ದಾಗ ನಮ್ಮ ಕಡೆ ರೈತನ ಕೈಗೆ ಎಷ್ಟು ಬಂತು ಅನ್ನೂದು ನೋಡಬೇಕು. ನಮ್ಮ ಆ ವರ್ಷದ ಬುಕ್ಕು ಇಲಿ ತಿಂದಾವು.