ಲೆಕ್ಕಕ್ಕೆ ಬಾರದ ಬಂಡವಾಳ

ಚಲನಚಿತ್ರವೆಂದರೆ ಮೊದಲು ಕಲೆ, ಅನಂತರ ವ್ಯವಹಾರ ಎಂದು ನಾವು ಭಾವಿಸುತ್ತೇವೆ. ದಾದಾಸಾಹೇಬ್ ಫಾಲ್ಕೆಯವರ ಜೀವನವನ್ನು ನೋಡಿದರೆ ಈ ಕ್ರಮ ತಿರುವುಮುರುವಾಗುತ್ತದೆ.

1912ರಲ್ಲಿ ಅವರು ತಮ್ಮ ಜೀವವಿಮೆಯನ್ನು ಅಡವಿಟ್ಟು ಲಂಡನ್ನಿಗೆ ತೆರಳಿ, ಕೆಲಸ ಕಲಿತು, ಕ್ಯಾಮೆರಾ ಕೊಂಡು ಮರಳಿದರು. ಆದರೆ ಇನ್ನೂ ಕಣ್ಣಿಗೆ ಕಾಣದ ಚಿತ್ರಕ್ಕೆ ಹಣ ಹೂಡುವವರು ಯಾರು? ಫಾಲ್ಕೆ ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ದಿನದಿನವೂ ಸೆರೆಹಿಡಿದು, ಕಿರುಚಿತ್ರವಾಗಿ ತೋರಿಸಿದರು. ಅದನ್ನು ಕಂಡ ಬಳಿಕ ಸಾಲ ಹುಟ್ಟಿತು. ಹಣವಂತನಿಗೆ ಮಾತು ಸಾಲದು, ಮಾದರಿ ಬೇಕು ಎಂಬುದು ಅವರು ಕಲಿತ ಮೊದಲ ಪಾಠ.

ಆ ಸಾಲವೂ ಸಾಲದೆ ಪತ್ನಿ ಸರಸ್ವತಿಬಾಯಿಯವರ ಒಡವೆಗಳು ಹೋದವು. ಚಿತ್ರತಂಡಕ್ಕೆಲ್ಲ ಅಡುಗೆ ಮಾಡುವುದು, ಉಡುಪು ಒಗೆಯುವುದು, ಫಿಲ್ಮಿನ ಅಂಚಿಗೆ ರಂಧ್ರ ಹಾಕುವುದು ಸಹ ಆಕೆಯ ಪಾಲಿಗೆ ಬಂದವು. 1913ರ ಮೇ 3ರಂದು ಮುಂಬಯಿಯ ಕಾರೊನೇಶನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡು ಜನಮನ ಗೆದ್ದಿತು.

1918ರಲ್ಲಿ ಪಾಲುದಾರರ ಬಂಡವಾಳದಿಂದ ಹಿಂದೂಸ್ತಾನ್ ಫಿಲ್ಮ್ ಕಂಪನಿ ಸ್ಥಾಪನೆಯಾಯಿತು. ಹಣದೊಡನೆ ಭಿನ್ನಾಭಿಪ್ರಾಯವೂ ಬಂದಿತು. ಫಾಲ್ಕೆ ಕೆಲಕಾಲ ಕಂಪನಿಯನ್ನೇ ತೊರೆದರು. ಹಣ ಹಾಕಿದವರಿಗೆ ಪಾಲು ಉಂಟು, ಸರಿಯೇ. ಸರಸ್ವತಿಬಾಯಿಯವರ ಒಡವೆ, ಬೆವರುಗಳನ್ನು ಯಾವ ಖಾತೆಗೆ ಬರೆಯುವುದು?

ಫಾಲ್ಕೆಯವರ ಹೆಸರಿನ ರಾಷ್ಟ್ರಪ್ರಶಸ್ತಿ 1995ನೇ ಸಾಲಿಗೆ ನಮ್ಮ ಡಾ. ರಾಜ್‌ಕುಮಾರ್ ಅವರಿಗೆ ಸಂದಾಗ ನಾವೆಲ್ಲ ಹಿಗ್ಗಿದೆವು. ಆ ಹೆಸರಿನ ಹಿಂದೆ ಇನ್ನೊಂದು ಹೆಸರೂ ಇದೆ. ಚಿತ್ರ ನಿರ್ಮಿಸಲು ಹೊರಡುವ ನನ್ನ ವಿದ್ಯಾರ್ಥಿಗಳು ಆಯವ್ಯಯದ ಪಟ್ಟಿಯಲ್ಲಿ ಮನೆಯವರ ದುಡಿಮೆಯನ್ನು ಮೊದಲ ಸಾಲಿನಲ್ಲಿ ಬರೆದುಕೊಳ್ಳಲಿ.