ವಾರ್ತಾಪೀಠದಿಂದ ಬಂದ ಹಾಸ್ಯ

ವಾರ್ತೆಯನ್ನು ನಾವು ನಂಬಲೆಂದು ಕೇಳುತ್ತೇವೆ. ಹಾಸ್ಯವನ್ನು ನಕ್ಕು ಮರೆಯಲೆಂದು. ಎರಡೂ ಒಂದೇ ಬಾಯಿಂದ ಹೊರಟರೆ ಏನಾದೀತು? ಕೆನಡಾದಲ್ಲಿ ನಡೆದ ಒಂದು ಪ್ರಸಂಗವನ್ನು ನೋಡಿ.

2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸನ್ ನ್ಯೂಸ್ ವಾಹಿನಿಯ ನಿರೂಪಕ ಎಜ್ರಾ ಲೆವಾಂಟ್ ರೋಮಾ ಜನರನ್ನು ಕುರಿತು ಲೇವಡಿಯ ಧಾಟಿಯಲ್ಲಿ ಮಾತನಾಡಿದರು. ಜಿಪ್ಸಿಗಳೆಂದರೆ ವಂಚಕರು, ಅವರದೊಂದು ಜನಾಂಗವೇ ಅಲ್ಲ ಎಂಬುದು ಆ ಮಾತಿನ ಸಾರ. ಅದಕ್ಕೆ ಆಧಾರ? ಇಂಗ್ಲಿಷಿನಲ್ಲಿ ಮೋಸಮಾಡುವುದಕ್ಕೆ 'ಜಿಪ್' ಎಂಬ ಕ್ರಿಯಾಪದವೇ ಉಂಟಲ್ಲ ಎಂದರು! ಬೈದವರ ಬೈಗುಳವೇ ಬೈಸಿಕೊಂಡವರ ಮೇಲೆ ಸಾಕ್ಷಿಯಾಯಿತು. ಆ ಹೆಸರಾದರೂ ನಿಜವೇ? ಇವರು ಈಜಿಪ್ಟಿನಿಂದ ಬಂದವರೆಂದು ಯೂರೋಪಿನವರು ಭ್ರಮಿಸಿದ್ದರಿಂದ ಹುಟ್ಟಿದ ಹೆಸರದು. ವಾಸ್ತವವಾಗಿ ಇವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರು. ಇವರ ನುಡಿಯಲ್ಲಿ ಇಂದಿಗೂ ನೀರು 'ಪಾನಿ', ಮೂಗು 'ನಾಕ್', ಕಿವಿ 'ಕಾನ್', ಮನುಷ್ಯ 'ಮನುಷ್'.

ಆ ದಿನಗಳಲ್ಲಿ ಹಂಗೇರಿಯ ರೋಮಾ ಕುಟುಂಬಗಳು ಆಶ್ರಯ ಕೋರಿ ಕೆನಡಾಕ್ಕೆ ಬರುತ್ತಿದ್ದವು. 2008 ಮತ್ತು 2009ರಲ್ಲಿ ಹಂಗೇರಿಯ ಹಳ್ಳಿಗಳಲ್ಲಿ ನಡೆದ ಸರಣಿ ದಾಳಿಗಳಲ್ಲಿ ಆರು ಮಂದಿ ರೋಮಾಗಳು ಹತರಾಗಿದ್ದರು. ಟಾಟಾರ್‌ಸೆಂಟ್‌ಗ್ಯೋರ್ಗಿ ಎಂಬ ಊರಿನಲ್ಲಿ ಮನೆಗೆ ಬೆಂಕಿಯಿಟ್ಟು, ಹೊರಗೋಡಿ ಬಂದ ತಂದೆಯನ್ನೂ ಅವನ ಪುಟ್ಟ ಮಗನನ್ನೂ ಗುಂಡಿಕ್ಕಿ ಕೊಂದರು. ಇನ್ನೂ ಹಿಂದಿನ ನೆನಪೂ ಆ ಜನರಿಗಿತ್ತು. 1944ರ ಆಗಸ್ಟ್ 2ರ ರಾತ್ರಿ ಆಶ್‌ವಿಟ್ಸ್ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ರೋಮಾ ಮತ್ತು ಸಿಂಟಿ ಜನರನ್ನು ವಿಷಾನಿಲಕ್ಕೆ ದೂಡಲಾಗಿತ್ತು. ಇಂಥವರು ಬಾಗಿಲು ತಟ್ಟಿದಾಗ ಪರದೆಯ ಮೇಲೆ ಅವರಿಗೆ ದೊರೆತ ಸ್ವಾಗತ ಆ ನಗೆ.

'ತಮಾಷೆಗೆ ಹೇಳಿದ್ದು, ಅಷ್ಟೇಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ?' ಎಂಬ ಮಾತು ನಮಗೆಲ್ಲ ಪರಿಚಿತ. ಜಾತ್ರೆಯಲ್ಲಿ ವಿದೂಷಕ ಆಡಿದ್ದನ್ನು ಹಾಗೆ ಬಿಟ್ಟುಬಿಡಬಹುದೇನೋ. ವಾರ್ತಾಪೀಠದಲ್ಲಿ ಕುಳಿತವನ ಮಾತನ್ನು ನೋಡುಗ ಸುದ್ದಿಯೆಂದೇ ಮನೆಗೆ ಒಯ್ಯುತ್ತಾನೆ. ಹಾಸ್ಯದ ಮುಸುಕು ಹೇಳಿದವನನ್ನು ಕಾಯುತ್ತದೆಯೇ ಹೊರತು ಕೇಳಿಸಿಕೊಂಡ ರೋಮಾ ಮಗುವನ್ನಲ್ಲ.

ಪ್ರತಿಭಟನೆಯ ಬಳಿಕ ವಾಹಿನಿ ಕ್ಷಮೆ ಕೇಳಿತು. ಲೆವಾಂಟ್ ಸ್ವತಃ ಕ್ಷಮೆಯಾಚಿಸಿದ್ದು ಆರು ತಿಂಗಳು ಕಳೆದು, 2013ರ ಮಾರ್ಚಿನಲ್ಲಿ. ಎಲ್ಲರನ್ನೂ ಒಂದೇ ಬಣ್ಣದಲ್ಲಿ ಬಳಿದದ್ದು ತಪ್ಪೆಂದು ಒಪ್ಪಿಕೊಂಡರು. ಅಷ್ಟರೊಳಗೆ, 2012ರ ಡಿಸೆಂಬರಿನಲ್ಲಿ, ಕೆನಡಾ ಸರ್ಕಾರ ಆಶ್ರಯದ ಕೋರಿಕೆಗಳನ್ನು ತ್ವರಿತವಾಗಿ ಮುಗಿಸುವ ದೇಶಗಳ ಪಟ್ಟಿಗೆ ಹಂಗೇರಿಯನ್ನು ಸೇರಿಸಿಯಾಗಿತ್ತು. ಆ ಹಾಸ್ಯವೇ ಇದಕ್ಕೆ ಕಾರಣವೆನ್ನಲಾಗದು. ಪಟ್ಟಿಯ ಕಾನೂನು ಅದಕ್ಕಿಂತ ಮೊದಲಿನದು. ವಾಹಿನಿ 2015ರಲ್ಲಿ ಮುಚ್ಚಿತು. ಪಟ್ಟಿಯಿಂದ ದೇಶಗಳ ಹೆಸರು ತೆಗೆದುಹಾಕಲು 2019ರ ಮೇ ತಿಂಗಳು ಬರಬೇಕಾಯಿತು.