ಒಬ್ಬ ಸೂಲಗಿತ್ತಿಯ ಮನೆತನ

ವಂಶಾವಳಿಯೆಂದರೆ ಸಾಮಾನ್ಯವಾಗಿ ಗಂಡಸರ ಹೆಸರುಗಳ ಸಾಲು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಇಳಿದುಬರುತ್ತದೆ. ಹೆತ್ತವರ ನೋವೂ ಹೆರಿಗೆ ಮಾಡಿಸಿದವರ ಶ್ರಮವೂ ಅದರಲ್ಲಿ ಕಾಣಬರುವುದಿಲ್ಲ. ಅಮೆರಿಕಾದ ಮಾರ್ಮನ್ ಪಂಥಕ್ಕೆ ಸೇರಿದ ಪ್ಯಾಟಿ ಸೆಷನ್ಸ್ ಎಂಬಾಕೆಯ ಮನೆತನದ ಚರಿತ್ರೆಯಾದರೋ ಸೂಲಗಿತ್ತಿಯೊಬ್ಬಳ ಕೈಬರಹದಿಂದಲೇ ನಮಗೆ ತಿಳಿದುಬಂದಿದೆ.

ಈ ಪಂಥವನ್ನು ಜೋಸೆಫ್ ಸ್ಮಿತ್ ಎಂಬಾತನು 1830ರಲ್ಲಿ ನ್ಯೂಯಾರ್ಕ್ ಪ್ರಾಂತದಲ್ಲಿ ಸ್ಥಾಪಿಸಿದನು. ಇದರ ಅನುಯಾಯಿಗಳ ನಂಬಿಕೆಯಂತೆ ಸಂಸಾರವು ಮರಣದಿಂದ ಮುಗಿಯತಕ್ಕದ್ದಲ್ಲ. ಯುಕ್ತವಾದ ಸಂಸ್ಕಾರದಿಂದ ಸತಿಪತಿಗಳೂ ಮಕ್ಕಳೂ ಅನಂತಕಾಲಕ್ಕೆ ಬಂಧಿತರಾಗುವರು. ತೀರಿಹೋದ ಪೂರ್ವಿಕರ ಪರವಾಗಿ ಬದುಕಿರುವವರು ಸಂಸ್ಕಾರವನ್ನು ಪಡೆಯಬಹುದು. ಆದುದರಿಂದಲೇ ಪೂರ್ವಿಕರ ಹೆಸರುಗಳನ್ನು ಶೋಧಿಸುವುದು ಅವರಿಗೆ ಧರ್ಮಕಾರ್ಯ.

ಪ್ಯಾಟಿಯು ಹುಟ್ಟಿದ್ದು 1795ರಲ್ಲಿ, ಮೇಯ್ನ್ ಪ್ರಾಂತದ ಬೆಥೆಲ್ ಎಂಬ ಊರಿನಲ್ಲಿ. 1812ರಲ್ಲಿ ಡೇವಿಡ್ ಸೆಷನ್ಸ್ ಎಂಬುವನನ್ನು ಮದುವೆಯಾಗಿ, ಕೆಲಕಾಲದಲ್ಲಿಯೇ ಸೂಲಗಿತ್ತಿಯ ವೃತ್ತಿಯನ್ನು ಕೈಗೊಂಡಳು. ಪರರ ಮಕ್ಕಳನ್ನು ಲೋಕಕ್ಕೆ ತಂದ ಈ ಕೈಗಳು ತನ್ನ ಮಕ್ಕಳನ್ನು ಮಣ್ಣುಮಾಡಬೇಕಾಯಿತು. ಹೆತ್ತ ಎಂಟು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಪೆರಿಗ್ರೀನ್, ಸಿಲ್ವಿಯಾ, ಡೇವಿಡ್ ಎಂಬ ಮೂವರೇ.

1834ರಲ್ಲಿ ಆಕೆ ಹೊಸ ಮತವನ್ನು ಸ್ವೀಕರಿಸಿದಳು. 1837ರಲ್ಲಿ ಕುಟುಂಬವು ಮಿಸೂರಿಗೆ ಹೋಯಿತು. ಅಲ್ಲಿಂದ ಮಾರ್ಮನರನ್ನು ಹೊರದೂಡಲಾಗಿ, ಮಿಸಿಸಿಪ್ಪಿ ನದಿಯ ದಡದ ನಾವೂ ಪಟ್ಟಣದಲ್ಲಿ ಬಂದು ನೆಲೆಸಿತು. 1844ರಲ್ಲಿ ಜೋಸೆಫ್ ಸ್ಮಿತನು ಗುಂಪಿನ ಗುಂಡೇಟಿಗೆ ಬಲಿಯಾದನು. 1846ರ ಫೆಬ್ರವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಮತ್ತೊಮ್ಮೆ ಊರು ಬಿಡಬೇಕಾಯಿತು. ಮಗಳು ಸಿಲ್ವಿಯಾ ತನ್ನ ಗಂಡ ವಿಂಡ್ಸರ್ ಲಯನ್ನನೊಡನೆ ಹಿಂದೆ ಉಳಿದಳು. ಅಗಲುವ ಮುನ್ನ ಆಕೆ ತಾಯಿಗೆ ಒಂದು ಬರೆಯುವ ಪುಸ್ತಕವನ್ನು ಕೊಟ್ಟಳು. ಪ್ಯಾಟಿಯ ಪ್ರಸಿದ್ಧವಾದ ದಿನಚರಿ ಆರಂಭವಾದದ್ದು ಆ ಪುಸ್ತಕದಲ್ಲಿಯೇ.

ಆ ದಿನಚರಿಯಲ್ಲಿ ಅಲಂಕಾರವಿಲ್ಲ. ಯಾರಿಗೆ ಗಂಡು, ಯಾರಿಗೆ ಹೆಣ್ಣು, ಸಂದ ಹಣವೆಷ್ಟು, ನಡೆದ ದೂರವೆಷ್ಟು ಎಂಬ ಬರಹವೇ ಹೆಚ್ಚು. ಮಳೆಯಲ್ಲಿ, ಹಿಮದಲ್ಲಿ, ಬಂಡಿಯ ಮರೆಯಲ್ಲಿ ಹೆರಿಗೆಗಳು ನಡೆದುವು. 1847ರಲ್ಲಿ ಐವತ್ತೆರಡು ವರ್ಷದ ಈ ಹೆಂಗಸು ನಾಲ್ಕು ಎತ್ತುಗಳ ಬಂಡಿಯನ್ನು ತಾನೇ ಹೊಡೆದುಕೊಂಡು ಸುಮಾರು ಸಾವಿರ ಮೈಲಿ ನಡೆದು, ಸೆಪ್ಟೆಂಬರ್ 24ರಂದು ಸಾಲ್ಟ್ ಲೇಕ್ ಕಣಿವೆಯನ್ನು ಸೇರಿದಳು. ಎರಡು ದಿನ ಕಳೆಯುವುದರೊಳಗಾಗಿ ಅಲ್ಲಿಯೂ ಒಂದು ಹೆರಿಗೆಗೆ ಕರೆ ಬಂದಿತು.

ಹೊರಗಿನ ಕಷ್ಟಕ್ಕಿಂತ ಮನೆಯೊಳಗಿನ ಕಷ್ಟವು ಕಠಿನತರವಾಗಿದ್ದಿತು. ಬಹುಪತ್ನೀತ್ವವು ಆಗ ಆ ಪಂಥದ ಆಚಾರವಾಗಿದ್ದಿತು. ಪ್ಯಾಟಿಯೂ ಅದನ್ನು ಧರ್ಮವೆಂದೇ ಒಪ್ಪಿದ್ದವಳು. ಡೇವಿಡನ ಹೆಂಡತಿಯಾಗಿದ್ದಾಗಲೇ, 1842ರಲ್ಲಿ, ಜೋಸೆಫ್ ಸ್ಮಿತನೊಡನೆ ಅನಂತಕಾಲದ ಬಂಧನಸಂಸ್ಕಾರವನ್ನು ಪಡೆದಿದ್ದಳು. ಆದರೂ ಗಂಡನು ರೊಸಿಲ್ಲಾ ಎಂಬ ಸವತಿಯನ್ನು ತಂದಾಗ ಮನಸ್ಸು ಒಡೆಯಿತು. ಧರ್ಮವೆಂದು ಒಪ್ಪಿದ್ದನ್ನು ಹೃದಯವು ಒಪ್ಪಲಿಲ್ಲ. ಅದರ ವ್ಯಥೆಯನ್ನು ದಿನಚರಿಯು ಮುಚ್ಚಿಡಲಿಲ್ಲ. 1846ರ ಕೊನೆಯಲ್ಲಿ ರೊಸಿಲ್ಲಾ ಬಿಟ್ಟು ಹೋದಳು. 1850ರಲ್ಲಿ ಡೇವಿಡನು ತೀರಿಕೊಂಡನು. ಮರುವರ್ಷ ಪ್ಯಾಟಿಯು ಜಾನ್ ಪ್ಯಾರಿಯನ್ನು ಮದುವೆಯಾದಾಗ, ತನಗೆ ಸೌದೆ ಕಡಿದುಕೊಡುವವನೊಬ್ಬನಾದನೆಂದು ದೇವರಿಗೆ ಕೃತಜ್ಞತೆಯನ್ನು ಬರೆದಿಟ್ಟಳು. ಕೆಲವು ವರ್ಷಗಳಲ್ಲಿ ಆತನೂ ಇನ್ನೊಬ್ಬಳನ್ನು ತಂದನು.

ಈ ಮನೆತನದ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಸಿಲ್ವಿಯಾಳದು. ಆಕೆಗೂ ಜೋಸೆಫ್ ಸ್ಮಿತನೊಡನೆ ಬಂಧನಸಂಸ್ಕಾರವಾಗಿತ್ತು. 1882ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಆಕೆ ತನ್ನ ಮಗಳು ಜೋಸೆಫೀನಳನ್ನು ಬಳಿಗೆ ಕರೆದು, ನೀನು ಜೋಸೆಫ್ ಸ್ಮಿತನ ಮಗಳೆಂದು ತಿಳಿಸಿದಳು. ಜೋಸೆಫೀನಳು ಇದನ್ನು 1915ರಲ್ಲಿ ಸಾಕ್ಷಿಪೂರ್ವಕವಾಗಿ ಬರೆಯಿಸಿದಳು. ಆಕೆ ಹುಟ್ಟಿದ್ದು 1844ರಲ್ಲಿ. ಅಜ್ಜಿಯ ದಿನಚರಿ ಆರಂಭವಾದದ್ದು 1846ರಲ್ಲಿ. ಸಹಸ್ರಾರು ಜನನಗಳನ್ನು ಬರೆದಿಟ್ಟ ಆ ದಿನಚರಿಗೆ ಈ ಜನನದ ವೇಳೆ ದೊರೆಯಲಿಲ್ಲ. ಕಡೆಗೆ 2016ರಲ್ಲಿ, ಸಂತತಿಯವರ ಡಿಎನ್‌ಎ ಪರೀಕ್ಷೆಯಿಂದ, ಜೋಸೆಫೀನಳ ತಂದೆ ವಿಂಡ್ಸರ್ ಲಯನ್ನನೇ ಎಂಬುದು ನಿರ್ಣಯವಾಯಿತು.

ಹಾಗಾದರೆ ಸಾಯುವ ತಾಯಿ ಸುಳ್ಳಾಡಿದಳೇ? ಹಾಗೆಂದು ತೀರ್ಮಾನಿಸುವುದು ಅವಸರವಾದೀತು. ತಾನೇ ಸಂಶಯದಲ್ಲಿದ್ದು ನಂಬಿದ್ದನ್ನು ಹೇಳಿರಬಹುದು. ಅಥವಾ ಸಂಸ್ಕಾರದಿಂದಾದ ಬಂಧುತ್ವವನ್ನೇ ಆಕೆ ಮಗಳೆಂಬ ಮಾತಿನಿಂದ ಸೂಚಿಸಿರಬಹುದು. ಅವರ ಮತದಲ್ಲಿ ಅದು ರಕ್ತಕ್ಕಿಂತ ಕಡಿಮೆಯಾದುದಲ್ಲ. ಪರೀಕ್ಷೆಯು ರಕ್ತವನ್ನು ನಿರ್ಣಯಿಸಬಲ್ಲುದು. ಒಬ್ಬ ಹೆಂಗಸು ಮೂವತ್ತೆಂಟು ವರ್ಷ ಹೃದಯದಲ್ಲಿ ಹೊತ್ತ ನಂಬಿಕೆಯನ್ನು ಅಳೆಯಲಾರದು. ಚರಿತ್ರಕಾರನು ಎರಡನ್ನೂ ಬರೆದಿಡಬೇಕು. ಒಂದರಿಂದ ಇನ್ನೊಂದನ್ನು ಅಳಿಸಬಾರದು.

ಮಗಳು ತೀರಿಹೋದ ಮೇಲೆಯೂ ಪ್ಯಾಟಿಯು ಹತ್ತು ವರ್ಷ ಬದುಕಿದಳು. ಮಗ ಪೆರಿಗ್ರೀನನು ನೆಲೆಮಾಡಿದ ಬೌಂಟಿಫುಲ್ ಊರಿನಲ್ಲಿ, ಹಣ್ಣಿನ ತೋಟದಿಂದಲೂ ವೃತ್ತಿಯಿಂದಲೂ ಕೂಡಿಟ್ಟ ಹಣದಲ್ಲಿ, ಮೊಮ್ಮಕ್ಕಳಿಗೂ ಬಡಮಕ್ಕಳಿಗೂ ಒಂದು ಶಾಲೆಯನ್ನು 1883ರಲ್ಲಿ ತೆರೆದಳು. 1892ರ ಡಿಸೆಂಬರ್ 14ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ, ಕಾಲವಾದಳು. ಆಕೆ ಮಾಡಿಸಿದ ಹೆರಿಗೆಗಳು 3,977 ಎಂಬುದು ಲೆಕ್ಕ. ಯೂಟಾದ ಎಷ್ಟೋ ವಂಶಾವಳಿಗಳಲ್ಲಿ ಆಕೆಯ ಹೆಸರು ಬರದೆ ಇರಬಹುದು. ಆ ವಂಶಗಳ ಮೊದಲ ಅಳುವನ್ನು ಕೇಳಿದವಳು ಆಕೆಯೇ.